ಎರಡು ಎಳೆತ

ಪೋಥಿಯಾ ಬಂದರಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ.
ಮಾರ್ಚ್ ತಿಂಗಳು. ಗಿರಾಕಿ ಕಡಿಮೆ,
ಬಂಡೆ ಹತ್ತುವ ಪರದೇಶಿಗಳು ಇನ್ನೂ ಬಂದಿಲ್ಲ.
ಥೆಮೆಲೀನಾ ಒಳಗೆ ಬಂದಳು, ಹಿಂದೆ ಅವಳಪ್ಪ,
ಎಡಗಾಲು ಎಳೆಯುತ್ತ,
ಹೊಸ್ತಿಲನ್ನು ಮೊದಲು ಕೋಲಿನಿಂದ ತಟ್ಟಿ ನೋಡಿ.

'ಕೈಗೆ ಕಟ್ಟುವ ಕಂಪ್ಯೂಟರು ಬೇಕು, ಮುಳುಗುವುದಕ್ಕೆ.
ವರ್ಷಕ್ಕೆ ಇಪ್ಪತ್ತು ಸಲ, ಹೆಚ್ಚೆಂದರೆ ಮೂವತ್ತು.
ಬೇಕರಿಯ ಸಂಬಳಕ್ಕೆ ಎಟುಕುವಂಥದ್ದು.'

ಗಾಜಿನ ಮೇಲೆ ಮೂರನ್ನು ಇಟ್ಟೆ.
ಮೊದಲನೆಯದು ನವಿಲು: ಬಣ್ಣದ ಪರದೆ, ದಿಕ್ಸೂಚಿ,
ಸಿಲಿಂಡರಿನಲ್ಲಿ ಉಳಿದ ಗಾಳಿಯೂ ಕಾಣುತ್ತದೆ.
ರಾತ್ರಿ ಚಾರ್ಜಿಗಿಡಲು ಮರೆತರೆ
ಬೆಳಿಗ್ಗೆ ಬರೀ ಬಳೆ.
ಅವಳು ಬೆಲೆಚೀಟಿ ತಿರುಗಿಸಿ ನೋಡಿ
ಒಲೆಯ ತಟ್ಟೆ ಮುಟ್ಟಿದವಳಂತೆ ಕೈ ತೆಗೆದಳು.

ಎರಡನೆಯದು ತೆಳ್ಳಗೆ, ಮದುವೆಗೂ ಕಟ್ಟಿಕೊಂಡು ಹೋಗಬಹುದು.
ಅಂಕಿಗಳು ಮಾತ್ರ ಸಾಸಿವೆ ಕಾಳು.
'ಇಲ್ಲಿ ಓದಬಲ್ಲೆ,' ಅಂದಳು, ತೋಳು ದೂರ ಚಾಚಿ.
'ಕೆಳಗೆ, ಮಾಸ್ಕಿನೊಳಗೆ, ಕನ್ನಡಕ ಎಲ್ಲಿ ತುರುಕಲಿ?'
ನಲವತ್ತೇಳು ಅವಳಿಗೆ. ನಾನು ನಗಲಿಲ್ಲ,
ನನಗೆ ಐವತ್ತೊಂಬತ್ತು.

ಮೂರನೆಯದು ದಪ್ಪ, ಕುರೂಪಿ, ಸಾಬೂನಿನ ಡಬ್ಬಿ.
ಹೆಬ್ಬೆರಳಿನಷ್ಟು ಅಂಕಿ, ಎರಡೇ ಗುಂಡಿ.
ಸೆಲ್ಲು ಸತ್ತರೆ ನಾಣ್ಯದಲ್ಲಿ ಮುಚ್ಚಳ ತಿರುವಿ
ಅಡುಗೆ ಮೇಜಿನ ಮೇಲೇ ಬದಲಿಸಬಹುದು.
'ಇದು ಕೂಗುವುದಿಲ್ಲ,' ಅಂದೆ, 'ನಡುಗುತ್ತದೆ.'

ಅಲ್ಲಿಯವರೆಗೆ ಮುದುಕ ಸುಮ್ಮನಿದ್ದ.
ಸಕೆಲ್ಲಾರಿಸ್ ಅಂದರೆ ಒಂದು ಕಾಲಕ್ಕೆ
ಲಿಬಿಯಾದ ದಂಡೆಯವರೆಗೂ ಹೆಸರು,
ತಳದ ಸ್ಪಂಜನ್ನು ಕತ್ತಲಲ್ಲೇ ಬೆರಳಿಂದ ಓದುತ್ತಿದ್ದವನು.
'ಏನು ಲೆಕ್ಕ ಮಾಡುತ್ತದೆ ಇದು?'
'ರಕ್ತದಲ್ಲಿ ಎಷ್ಟು ನೈಟ್ರೋಜನ್ ಸೇರಿತು,
ಇನ್ನೆಷ್ಟು ನಿಮಿಷ ಇರಬಹುದು, ಎಷ್ಟು ನಿಧಾನ ಏರಬೇಕು,
ಐದು ಮೀಟರಲ್ಲಿ ಎಷ್ಟು ಹೊತ್ತು ನಿಲ್ಲಬೇಕು.'
'ಮಾತು ಕೇಳದಿದ್ದರೆ?'
'ಮುನಿಸಿಕೊಳ್ಳುತ್ತದೆ. ಎರಡು ದಿನ ಬೀಗ, ಲೆಕ್ಕವೇ ಹೇಳದು.'
'ಎರಡು ದಿನ!' ಕೆಮ್ಮು ಬರುವಷ್ಟು ನಕ್ಕ.
'ನಮಗೆ ಒಂದು ಸಿಗರೇಟು. ಅದು ಮುಗಿದರೆ ಮತ್ತೆ ನೀರು.'

ಆಗ ಲೆಕ್ಕವೆಲ್ಲ ಹಗ್ಗ ಹಿಡಿದವನ ಕೈಯಲ್ಲಿ.
ಒಂದು ಎಳೆತ: ಚೆನ್ನಾಗಿದ್ದೀಯಾ?
ಎರಡು: ಮೇಲೆ ಬಾ.
ದೆರ್ನಾದ ಆಚೆ, ಒಂದು ಆಗಸ್ಟ್ ಮಧ್ಯಾಹ್ನ,
ನಲವತ್ತೈದು ಮೀಟರಿಗೆ
ಆ ಎರಡು ಎಳೆತ ತಡವಾಗಿ ಇಳಿದವು.
ಹಗ್ಗ ಹಿಡಿದಿದ್ದವನು ನನ್ನಪ್ಪ.

ಊರಿಗೆಲ್ಲ ಗೊತ್ತು. ಅಂಗಡಿಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ.
ಮದುವೆಗಳಲ್ಲಿ, ಮುಳುಗಿ ಕಾಲು ಕಳಕೊಂಡವರ ಆ ಕುಣಿತ,
ಮೊಣಕಾಲು ನಡುಗಿಸುತ್ತ ಕೋಲೂರುವ ಕುಣಿತ ಶುರುವಾದರೆ
ಅಪ್ಪ ಎದ್ದು ಹೊರಗೆ ನಿಲ್ಲುತ್ತಿದ್ದ,
ದೋಣಿಗಳ ದೀಪ ಎಣಿಸುವವನ ಹಾಗೆ.

'ನಡುಗಿಸು ನೋಡೋಣ,' ಅಂದ ಮುದುಕ, ಕೈ ಚಾಚಿ.
ಕಟ್ಟಿದೆ. ಕೊನೆಯ ತೂತಿಗೂ ಪಟ್ಟಿ ಸಡಿಲ.
ಗುಂಡಿ ಒತ್ತಿದೆ. ನಡುಗಿತು, ಮತ್ತೊಮ್ಮೆ ನಡುಗಿತು.
ಅವನ ಬಲಗೈ ತಾನಾಗಿ ಎದೆಯ ಮುಂದಕ್ಕೆ ಹೋಗಿ
ಇಲ್ಲದ ಹಗ್ಗವನ್ನು ಹಿಡಿದು
ಎರಡು ಸಲ ಎಳೆದು
ಉತ್ತರ ಕೊಟ್ಟಿತು.

ಮೂಲೆಯಲ್ಲಿ ಫ್ರಿಜ್ಜು ಗೊರಗುಡುತ್ತಿತ್ತು.
'ಇದೇ ಇರಲಿ,' ಅಂದ ಮಗಳಿಗೆ.
ಆಮೇಲೆ ನನ್ನ ಮುಖ ನೋಡದೆ, ಪಟ್ಟಿ ಬಿಚ್ಚುತ್ತ:
'ನಿನ್ನಪ್ಪನ ಹತ್ತಿರ ಗಡಿಯಾರವೇ ಇರಲಿಲ್ಲ ಕಣೋ.
ದೋಣಿಗೆಲ್ಲ ಒಂದೇ. ಅದು ಕಪ್ತಾನನ ಜೇಬಲ್ಲಿ.'

ಪೆಟ್ಟಿಗೆ ಕಟ್ಟುವ ಮೊದಲು
ಎಚ್ಚರಿಕೆಯ ಮಟ್ಟವನ್ನು ಒಂದು ಮೆಟ್ಟಿಲು ಏರಿಸಿದೆ.
'ಅಷ್ಟು ಪುಕ್ಕಲು ಬೇಡ,' ಅಂದಳು ಥೆಮೆಲೀನಾ,
'ತಳದಲ್ಲಿ ಐದಾರು ನಿಮಿಷ ಕಳೆದುಹೋಗುತ್ತದೆ.'
'ಹೋಗಲಿ' ಅಂದೆವು, ಮುದುಕನೂ ನಾನೂ, ಒಟ್ಟಿಗೆ.

ಅವಳು ಚೌಕಾಸಿಗೆ ಇಳಿದಳು. ಹತ್ತು ಯೂರೋ ಬಿಟ್ಟೆ.
ಸೆಲ್ಲೊಂದು ಪುಕ್ಕಟೆ ಹಾಕು ಅಂದಳು.
ಎರಡು ಹಾಕಿದೆ.